ಆತ್ಮವಿಶ್ವಾಸ ಬಂದ ಮೇಲೆ ಶುರು ಮಾಡೋಣ ಅನ್ನುವವರಿಗೆ

‘ನನಗೆ ಕಾನ್ಫಿಡೆನ್ಸ್ ಇಲ್ಲ. ಅದೊಂದು ಬಂದರೆ ಸಾಕು, ಶುರು ಮಾಡ್ತೀನಿ.’ ಆಪ್ತಸಮಾಲೋಚನೆಗೆ ಬರುವವರು ಈ ಮಾತು ಪದೇ ಪದೇ ಹೇಳುತ್ತಾರೆ. ಪರೀಕ್ಷೆ ಬರೆಯಬೇಕಾದವರು, ಕೆಲಸ ಬದಲಿಸಬೇಕಾದವರು, ನಾಲ್ಕು ಜನರ ಮುಂದೆ ನಿಂತು ಮಾತಾಡಬೇಕಾದವರು, ಎಲ್ಲರೂ ಧೈರ್ಯ ಬರಲಿ ಅಂತ ಕಾಯುತ್ತಾ ಕೂತಿರುತ್ತಾರೆ. ಸುಮ್ನೆ ಕಾದರೆ ಅದು ಬರುವುದಿಲ್ಲ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಇದನ್ನು ಬಿಡಿಸಿ ಬರೆದರು. ‘ಇದು ನನ್ನ ಕೈಲಾಗುತ್ತದೆ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ: ನಾವೇ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರು ಹುರಿದುಂಬಿಸಿದ್ದು, ಆ ಹೊತ್ತಿಗೆ ನಮ್ಮ ಮೈಮನಸ್ಸು ಹೇಗಿದೆ ಎನ್ನುವುದು. ನಾಲ್ಕರಲ್ಲಿ ಗಟ್ಟಿಯಾದದ್ದು ಮೊದಲನೆಯದು. ಹೊಗಳಿಕೆಯಿಂದ ಬಂದ ಧೈರ್ಯ ಒಂದು ಸೋಲಿಗೇ ಇಳಿದುಹೋಗುತ್ತದೆ. ಕೈಯಾರೆ ಮಾಡಿ ಗಳಿಸಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಹಾಗಾದರೆ ಹಗಲೂ ರಾತ್ರಿ ಕಷ್ಟಪಡುವವರಿಗೆಲ್ಲ ಆತ್ಮವಿಶ್ವಾಸ ಇರಬೇಕಲ್ವಾ? ಇರುವುದಿಲ್ಲ. ಯಾಕೆಂದರೆ ಎಲ್ಲ ಶ್ರಮವೂ ಒಂದೇ ಥರದ್ದಲ್ಲ.

ಓದಿ ಓದಿ ಸುಸ್ತಾದ ವಿದ್ಯಾರ್ಥಿ ಬಂದಾಗ ನಾನು ಅವರ ನೋಟ್ಸ್ ನೋಡುತ್ತೇನೆ. ಎಷ್ಟೋ ಸಲ ಹಾಳೆ ತುಂಬಾ ಬಣ್ಣದ ಗೆರೆಗಳು. ಒಂದೇ ಪಾಠವನ್ನು ಮತ್ತೆ ಮತ್ತೆ ಓದಿರುತ್ತಾರೆ. ‘ಈಗ ಪುಸ್ತಕ ಮುಚ್ಚಿ, ಈ ಪುಟದಲ್ಲಿ ಏನಿತ್ತು ಅಂತ ಬರೆಯಿರಿ’ ಎಂದು ಬಿಳಿ ಹಾಳೆ ಕೊಡುತ್ತೇನೆ. ಎರಡು ಸಾಲು ಬರೆಯುವಷ್ಟರಲ್ಲಿ ಪೆನ್ನು ನಿಲ್ಲುತ್ತದೆ. ಮುಖ ಸಪ್ಪಗಾಗುತ್ತದೆ. ಆಗ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ನೋಡಿ, ಮತ್ತೆ ಮುಚ್ಚಿ ಬರೆಯಲು ಹೇಳುತ್ತೇನೆ. ಪ್ರತಿ ಸಲವೂ ಹಾಳೆ ಇನ್ನಷ್ಟು ತುಂಬುತ್ತದೆ. ‘ನಿನ್ನಿಂದ ಆಗುತ್ತೆ’ ಅಂತ ಆಮೇಲೆ ನಾನು ಹೇಳಬೇಕಾಗಿಯೇ ಇಲ್ಲ. ಅವರ ಕಣ್ಣೆದುರೇ ಇರುತ್ತದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಪಾಠವನ್ನು ಬರೀ ಮತ್ತೆ ಮತ್ತೆ ಓದಿದವರಿಗೆ ‘ನನಗೆ ನೆನಪಿರುತ್ತದೆ’ ಎಂಬ ನಂಬಿಕೆ ಜಾಸ್ತಿ ಇತ್ತು. ಆದರೆ ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ 40 ಮಾತ್ರ. ಒಮ್ಮೆ ಓದಿ, ನೆನಪಿಂದ ಮೂರು ಸಲ ಬರೆದವರಿಗೆ ಸುಮಾರು ಶೇ 61 ನೆನಪಿತ್ತು. ನನ್ನ ಪ್ರಕಾರ ಆರೋಗ್ಯಕರ ಆತ್ಮವಿಶ್ವಾಸ ಎಂದರೆ ಇಷ್ಟೇ: ಏನು ಬರುತ್ತದೆ, ಏನು ಇನ್ನೂ ಬರುವುದಿಲ್ಲ ಎರಡೂ ಗೊತ್ತಿರುವುದು. ಭಾಷಣಕ್ಕಾಗಲಿ, ಇಂಟರ್‌ವ್ಯೂಗಾಗಲಿ ತಯಾರಿಯೂ ಹಾಗೇ. ಮನಸ್ಸಲ್ಲೇ ಹೇಳಿಕೊಂಡರೆ ಸಾಲದು, ಒಬ್ಬರ ಮುಂದೆ ಗಟ್ಟಿಯಾಗಿ ಹೇಳಿ ನೋಡಬೇಕು.

ಎದೆ ಹೊಡೆದುಕೊಂಡರೆ ‘ನನಗೆ ಆಗಲ್ಲ’ ಎಂದು ಓದಿಕೊಳ್ಳಬೇಡಿ. ಚೆನ್ನಾಗಿ ತಯಾರಾದವರಿಗೂ ಎದೆ ಹೊಡೆದುಕೊಳ್ಳುತ್ತದೆ.

ಒಂದು ವಿಷಯ ಮಾತ್ರ ಬೇರೆ. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ, ಹಸಿವು ಕೆಟ್ಟು, ಇಷ್ಟದ ಕೆಲಸವೂ ಬೇಡವೆನಿಸುತ್ತಿದ್ದರೆ ಅದು ಸೋಮಾರಿತನವಲ್ಲ, ಖಿನ್ನತೆ ಇರಬಹುದು. ಅಂಥವರಿಗೆ ‘ಇನ್ನೂ ಕಷ್ಟಪಡು’ ಅನ್ನಬೇಡಿ. ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.