ಮೂರನೇ ದಿನದ ಫೋನು

ಕೋಳಿಮರಿ ತಂದವರ ಫೋನು ನನಗೆ ಹೆಚ್ಚಾಗಿ ಬರುವುದು ಮೂರನೇ ದಿನ, ಇಲ್ಲವೇ ನಾಲ್ಕನೇ ದಿನ ಬೆಳಿಗ್ಗೆ. "ಡಾಕ್ಟ್ರೇ, ನಿನ್ನೆ ರಾತ್ರಿವರೆಗೂ ಚೆನ್ನಾಗೇ ಓಡಾಡ್ತಿದ್ವು. ಎದ್ದು ನೋಡಿದ್ರೆ ನಾಲ್ಕು ಸತ್ತಿವೆ." ದನಿ ನಡುಗುತ್ತಿರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: "ಯಾವ ರೋಗ ಇದು? ನೀರಿಗೆ ಏನು ಔಷಧಿ ಹಾಕ್ಲಿ?"

ಔಷಧಿ ಹೇಳುವ ಮೊದಲು ನಾನು ದಿನದ ಲೆಕ್ಕ ಕೇಳುತ್ತೇನೆ. ಮರಿ ಮೊಟ್ಟೆ ಒಡೆದು ಬಂದು ಎಷ್ಟು ದಿನ ಆಯ್ತು? ನಿಮ್ಮ ಮನೆಗೆ ಬಂದು ಎಷ್ಟು ದಿನ? ಒಂದೊಂದೂ ಸತ್ತಿದ್ದು ಯಾವ ಹೊತ್ತಲ್ಲಿ? ಎಳೆ ಮರಿಗಳ ವಿಷಯದಲ್ಲಿ ಸಾವಿನ ದಿನವೇ ಅರ್ಧ ಉತ್ತರ ಕೊಟ್ಟುಬಿಡುತ್ತದೆ.

ಮೂರನೇ ದಿನವೇ ಯಾಕೆ? ಮೊಟ್ಟೆಯೊಳಗೆ ಮರಿ ಬೆಳೆಯಲು 21 ದಿನ ಬೇಕು. ಹೊರಬರುವ ಸ್ವಲ್ಪ ಮೊದಲು ಉಳಿದ ಹಳದಿ ಭಾಗವನ್ನೆಲ್ಲ ಮರಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಇದು ಅದರ ಬುತ್ತಿ. ಕಾವಿಗೆ ಕೂತ ಕೋಳಿಯ ಕೆಳಗೆ ಎಲ್ಲ ಮೊಟ್ಟೆಗಳೂ ಒಂದೇ ಗಳಿಗೆಗೆ ಒಡೆಯುವುದಿಲ್ಲ, ಅಲ್ವಾ? ಮೊದಲು ಬಂದ ಮರಿ ಕೊನೆಯದಕ್ಕಾಗಿ ಒಂದೆರಡು ದಿನ ಕಾಯಬೇಕು. ಅಷ್ಟು ದಿನ ಈ ಬುತ್ತಿ ಅದನ್ನು ಕಾಪಾಡುತ್ತದೆ. ಹ್ಯಾಚರಿಯಿಂದ, ಅಂದರೆ ಯಂತ್ರದ ಕಾವಿನಲ್ಲಿ ಮರಿ ಮಾಡಿಸುವ ಕಡೆಯಿಂದ, ಮರಿಗಳನ್ನು ಡಬ್ಬದಲ್ಲಿಟ್ಟು ದೂರ ಕಳಿಸಲು ಆಗುವುದೂ ಇದರಿಂದಲೇ.

ಆದರೆ ಇದೇ ಬುತ್ತಿ ನಮ್ಮನ್ನು ಮೋಸಗೊಳಿಸುತ್ತದೆ. ಒಂದು ಕಾಳನ್ನೂ ಮುಟ್ಟದ ಮರಿ ಕೂಡ ಎರಡು ಮೂರು ದಿನ ಓಡಾಡುತ್ತದೆ, ಚಿಂವ್ ಚಿಂವ್ ಅನ್ನುತ್ತದೆ. ಆರೋಗ್ಯವಾಗಿದೆ ಅಂತಲೇ ನಾವು ಅಂದುಕೊಳ್ಳುತ್ತೇವೆ. ಬುತ್ತಿ ಖಾಲಿಯಾದ ದಿನ ತೂಕಡಿಸಿ ಬೀಳುತ್ತದೆ. ಮೂರರಿಂದ ಐದನೇ ದಿನದೊಳಗೆ ಸತ್ತ ಮರಿಗಳನ್ನು ಕೊಯ್ದು ನೋಡಿದಾಗ ಎಷ್ಟೋ ಸಲ ಜಠರದಲ್ಲಿ ನೆಲಕ್ಕೆ ಹಾಸಿದ ಹೊಟ್ಟೊಂದು ಬಿಟ್ಟು ಬೇರೇನೂ ಸಿಗುವುದಿಲ್ಲ. ಮೇವು ತುಂಬಿದ ಫೀಡರ್ ಪಕ್ಕದಲ್ಲೇ ಇತ್ತು. ತಿನ್ನಲು ಯಾರೂ ಕಲಿಸಿರಲಿಲ್ಲ, ಇಲ್ಲವೇ ಚಳಿಗೆ ಮುದುಡಿ ಫೀಡರ್‌ವರೆಗೆ ಹೋಗಲು ಆಗಿರಲಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಾವು ಇದು. ಯಾಕೆಂದರೆ ಇದನ್ನು ತಡೆಯಬಹುದಿತ್ತು.

ಆದ್ದರಿಂದ ಮರಿ ಬಂದ ದಿನ ರಾತ್ರಿ ಮಲಗುವ ಮುನ್ನ ಒಂದು ಕೆಲಸ ಮಾಡಿ. ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ತಿಂದು ಕುಡಿದ ಮರಿಯ ಚೀಲ ತುಂಬಿ ಮೆತ್ತಗೆ ಇರುತ್ತದೆ. ಗಟ್ಟಿಯಾಗಿ ಹರಳು ಹರಳಾಗಿ ಸಿಕ್ಕಿದರೆ ಮೇವು ತಿಂದಿದೆ, ನೀರು ಸಾಲದು. ಚಪ್ಪಟೆಯಾಗಿದ್ದರೆ ಏನೂ ತಿಂದಿಲ್ಲ. ಮರಿಗಳನ್ನು ಬಿಟ್ಟ 24 ಗಂಟೆಯೊಳಗೆ ನೂರಕ್ಕೆ ತೊಂಬತ್ತೈದು ಮರಿಗಳ ಚೀಲ ತುಂಬಿರಬೇಕು. ನಿಮ್ಮಲ್ಲಿ ಇರುವುದು ಹತ್ತೋ ಇಪ್ಪತ್ತೋ ಆದರೆ ಎಲ್ಲವನ್ನೂ ಮುಟ್ಟಿ ನೋಡಲು ಹದಿನೈದು ನಿಮಿಷ ಸಾಕು. ಚೀಲ ಖಾಲಿ ಇರುವ ಮರಿಯನ್ನು ಉಳಿಸಲು ಇನ್ನೂ ಎರಡು ದಿನದ ಸಮಯ ಇದೆ. ಮೂರನೇ ದಿನ ಬೆಳಿಗ್ಗೆ ಆ ಸಮಯ ಇರುವುದಿಲ್ಲ.

ತಿನ್ನಲು ಕಲಿಸುವುದು ಕಷ್ಟವಲ್ಲ. ಪ್ರಯಾಣ ಮಾಡಿ ಬಂದ ಮರಿಗೆ ಮೊದಲು ಬೇಕಾದದ್ದು ನೀರು. ಐಸ್‌ನಂತಹ ನೀರು ಬೇಡ, ಕೋಣೆಯಷ್ಟೇ ಬಿಸಿ ಇರಲಿ. ಮೊದಲ ಕೆಲವು ಗಂಟೆ ಒಂದು ಲೀಟರಿಗೆ 50 ಗ್ರಾಂನಷ್ಟು ಸಕ್ಕರೆ ಕರಗಿಸಿ ಕೊಟ್ಟರೆ ಸುಸ್ತಾದ ಮರಿ ಚೇತರಿಸಿಕೊಳ್ಳುತ್ತದೆ. ಒಂದೊಂದರ ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿ ಬಿಡಿ. ಮೂಗಿನ ಹೊಳ್ಳೆ ಮುಳುಗದಿರಲಿ. ಡ್ರಿಂಕರ್ ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ಹಾಕಿದರೆ ಮರಿ ನೀರಲ್ಲಿ ಬಿದ್ದು ನೆನೆಯುವುದಿಲ್ಲ. ಎರಡು ಮೂರು ಗಂಟೆ ಬಿಟ್ಟು ಮೇವನ್ನು ಫೀಡರ್‌ಗಷ್ಟೇ ಹಾಕದೆ, ಒರಟು ಕಾಗದದ ಮೇಲೂ ಚೆಲ್ಲಿ. ನುಣುಪಾದ ಕಾಗದ ಬೇಡ, ಅದರ ಮೇಲೆ ಕಾಲು ಜಾರಿ ಜಾರಿ ಅಗಲಿಸಿಕೊಂಡುಬಿಡುತ್ತವೆ. ಬೆರಳಿನಿಂದ ಕಾಗದವನ್ನು ಟಕ್ ಟಕ್ ಅಂತ ತಟ್ಟಿ. ತಾಯಿಕೋಳಿ ಕೊಕ್ಕಿನಿಂದ ಕುಕ್ಕಿ ತೋರಿಸುವುದೂ ಹೀಗೆಯೇ. ಒಂದು ಕಲಿತರೆ ಉಳಿದವು ನೋಡಿ ಕಲಿಯುತ್ತವೆ.

ಇನ್ನು ಕಾವು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಎಳೆ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಯ್ದುಕೊಳ್ಳಲು ಮೊದಲ ಎರಡು ವಾರ ಸರಿಯಾಗಿ ಆಗುವುದಿಲ್ಲ. ಮೈಮೇಲಿರುವುದು ಬರೀ ನವಿರು, ಗರಿಯಲ್ಲ. ಮೊದಲ ವಾರ ಮರಿ ನಿಲ್ಲುವ ಜಾಗದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಮರಿ ಬಂದ ಮೇಲೆ ಬಲ್ಬ್ ಹುಡುಕುವುದಲ್ಲ. ಹಿಂದಿನ ದಿನವೇ ಬ್ರೂಡರ್, ಅಂದರೆ ಮರಿಗೆ ಕಾವು ಕೊಡುವ ಬಲ್ಬ್, ಹಚ್ಚಿಡಿ; ನೆಲ ಮತ್ತು ಅದರ ಮೇಲೆ ಹರಡಿದ ಹೊಟ್ಟಿನ ಹಾಸು ಬೆಚ್ಚಗಾಗಿರಬೇಕು.

ಒಮ್ಮೆ ಇಪ್ಪತ್ತೈದು ಮರಿ ತಂದಿದ್ದ ಒಬ್ಬ ತಾಯಿಯ ಮನೆಗೆ ಹೋಗಿದ್ದೆ. ಮೂರು ದಿನದಲ್ಲಿ ಆರು ಸತ್ತಿದ್ದವು. "ನೋಡಿ ಡಾಕ್ಟ್ರೇ, 34 ಡಿಗ್ರಿ ಇದೆ, ನಾನು ಎಲ್ಲಾ ಸರಿಯಾಗೇ ಮಾಡಿದೀನಿ" ಎಂದು ಗೋಡೆಗೆ ತೂಗುಹಾಕಿದ್ದ ಥರ್ಮಾಮೀಟರ್ ತೋರಿಸಿದರು. ಅದು ಅವರ ಎದೆಯ ಎತ್ತರದಲ್ಲಿತ್ತು. ಮಂಡಿಯೂರಿ ಕೂತು ಅದನ್ನೇ ಮರಿಗಳ ಬೆನ್ನಿನ ಮಟ್ಟಕ್ಕೆ ಇಟ್ಟೆ. ಸ್ವಲ್ಪ ಹೊತ್ತಿಗೆ 26ಕ್ಕೆ ಇಳಿಯಿತು. ಸಿಮೆಂಟ್ ನೆಲ, ತೆಳುವಾದ ಹಾಸು. ಆ ತಾಯಿ ಮೂರು ರಾತ್ರಿ ನಿದ್ದೆಗೆಟ್ಟು ಮರಿಗಳನ್ನು ಕಾದಿದ್ದರು. ಅವರ ಕಾಳಜಿಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ. ಥರ್ಮಾಮೀಟರ್ ಇದ್ದ ಜಾಗ ತಪ್ಪಿತ್ತು, ಅಷ್ಟೇ. ಹಾಸನ್ನು ಎರಡು ಇಂಚಿಗೆ ಏರಿಸಿ, ಬಲ್ಬನ್ನು ಕೆಳಗಿಳಿಸಿದ ಮೇಲೆ ಸಾವು ನಿಂತಿತು.

ಥರ್ಮಾಮೀಟರ್‌ಗಿಂತ ಹೆಚ್ಚಾಗಿ ನಾನು ನಂಬುವುದು ಮರಿಗಳನ್ನೇ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿ ಕೂಗುತ್ತಿದ್ದರೆ ಚಳಿ. ಅಂಚಿಗೆ ಹೋಗಿ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲವೂ ಒಂದೇ ಮಗ್ಗುಲಿಗೆ ಸರಿದಿದ್ದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಮಲಗಿ, ಸಣ್ಣ ದನಿಯಲ್ಲಿ ಗುಸುಗುಟ್ಟುತ್ತಿದ್ದರೆ ನೀವು ನಿಶ್ಚಿಂತೆಯಿಂದ ಊಟಕ್ಕೆ ಕೂರಬಹುದು. ಬಲ್ಬನ್ನು ಒಂದು ಬದಿಗೆ ಕಟ್ಟಿದರೆ ಮರಿ ತನಗೆ ಬೇಕಾದ ಜಾಗ ತಾನೇ ಆರಿಸಿಕೊಳ್ಳುತ್ತದೆ. ಮರಿಗಳ ಸುತ್ತ ಕಟ್ಟುವ ತಡೆ ದುಂಡಗಿರಲಿ. ಮೂಲೆ ಇದ್ದರೆ ಚಳಿಗೆ ಅಲ್ಲಿ ಒಟ್ಟಾಗಿ, ಅಡಿಯಲ್ಲಿದ್ದವು ಉಸಿರುಗಟ್ಟಿ ಸಾಯುತ್ತವೆ. ಬಲ್ಬನ್ನು ಸರಪಳಿಯಿಂದ ಭದ್ರವಾಗಿ ಕಟ್ಟಿ. ಅದು ಹಾಸಿನ ಮೇಲೆ ಬಿದ್ದರೆ ಬೆಂಕಿ ಖಂಡಿತ. ಟೆಫ್ಲಾನ್ ಲೇಪನದ ಬಲ್ಬ್ ಮಾತ್ರ ಬೇಡವೇ ಬೇಡ. ಬಿಸಿಯಾದಾಗ ಅದರಿಂದ ಬರುವ ಹೊಗೆ ಹಕ್ಕಿಗಳ ಶ್ವಾಸಕೋಶಕ್ಕೆ ವಿಷ.

ಚಳಿ, ಪ್ರಯಾಣದ ಸುಸ್ತು ಇವುಗಳ ಜೊತೆಗೆ ಬರುವ ಇನ್ನೊಂದು ತೊಂದರೆ, ಹಿಕ್ಕೆ ಅಂಟಿಕೊಂಡು ಗುದದ ಬಾಯಿ ಮುಚ್ಚಿಹೋಗುವುದು. ಹಾಗೇ ಬಿಟ್ಟರೆ ಸಾಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ನೆನೆಸಿ ಬಿಡಿಸಿ. ಎಳೆಯಬೇಡಿ, ಚರ್ಮ ಕಿತ್ತು ಬರುತ್ತದೆ. ಹೊಟ್ಟೆಯ ಕಡೆ ಇರುವ ಒಣಗಿದ ಹೊಕ್ಕುಳನ್ನು ಹಿಕ್ಕೆ ಅಂದುಕೊಂಡು ಕೀಳುವವರೂ ಇದ್ದಾರೆ. ಅದನ್ನು ಮುಟ್ಟಲೇಬೇಡಿ. ಒರೆಸಿ, ಚೆನ್ನಾಗಿ ಒಣಗಿಸಿಯೇ ಒಳಗೆ ಬಿಡಿ.

ಮೊದಲ ವಾರದಲ್ಲೇ ಹೊಟ್ಟೆ ಊದಿ, ಹೊಕ್ಕುಳು ಒದ್ದೆಯಾಗಿ ಕೆಂಪಾಗಿ, ಕೆಟ್ಟ ವಾಸನೆ ಬಂದು ಸತ್ತರೆ ಅದು ಹೊಕ್ಕುಳಿನ ಸೋಂಕು. ಕೊಳಕು ಮೊಟ್ಟೆಯಿಂದಲೋ, ಮರಿ ಮಾಡಿಸಿದ ಜಾಗದ ಕೊಳೆಯಿಂದಲೋ ಬ್ಯಾಕ್ಟೀರಿಯಾ ಒಳಹೊಕ್ಕಿರುತ್ತದೆ. ಅಂಥ ಮರಿ ಉಳಿಯುವುದು ಅಪರೂಪ. ಆದರೆ ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ನಿಮ್ಮ ಆರೈಕೆಯ ತಪ್ಪೂ ಅಲ್ಲ.

ಸುಮ್ನೆ ಇರಲಿ ಅಂತ ಎಲ್ಲದಕ್ಕೂ ಆಂಟಿಬಯೋಟಿಕ್ ಹಾಕುವುದನ್ನು ದಯವಿಟ್ಟು ಬಿಡಿ. ಚಳಿ ಹಿಡಿದ ಮರಿ ನೀರೇ ಕುಡಿಯುವುದಿಲ್ಲ, ನೀರಿನಲ್ಲಿರುವ ಔಷಧಿ ಅದಕ್ಕೆ ಹೇಗೆ ಸೇರಬೇಕು? ಹಸಿದ ಮರಿಗೆ ಬೇಕಾದದ್ದು ಮೇವು.

ಮೂರನೇ ವಾರದ ಸಾವಿನ ಕಥೆಯೇ ಬೇರೆ. ಚೆನ್ನಾಗಿ ಬೆಳೆಯುತ್ತಿದ್ದ ಮರಿಗಳು ರೆಕ್ಕೆ ಇಳಿಬಿಟ್ಟು ಮುದುಡಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಇರಬಹುದು, ಅಂದರೆ ರಕ್ತಭೇದಿ. ಈ ರೋಗದ ಜೀವಿ ಹಿಕ್ಕೆಯಲ್ಲಿ ಹೊರಬಿದ್ದು, ಬಿಸಿ ಮತ್ತು ತೇವ ಸಿಕ್ಕರೆ ಒಂದೆರಡು ದಿನದಲ್ಲೇ ಸೋಂಕು ತರುವಷ್ಟು ಬಲಿಯುತ್ತದೆ. ಡ್ರಿಂಕರ್ ಸುತ್ತಲಿನ ಒದ್ದೆ ಹಾಸನ್ನು ದಿನವೂ ತೆಗೆಯಿರಿ ಅಂತ ನಾನು ಹಠ ಹಿಡಿಯುವುದು ಇದಕ್ಕೇ. ಆಂಪ್ರೋಲಿಯಂ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ, ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ ಕೊಡಿ. ವೈರಸ್‌ನಿಂದ ಬರುವ ಕೊಕ್ಕರೆ ರೋಗ (ರಾಣಿಖೇತ್) ಮತ್ತು ಗಂಬೋರೊ ರೋಗದ ಲಸಿಕೆಯ ದಿನಗಳನ್ನೂ ಅವರೇ ಬರೆದುಕೊಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದೆರಡು ಮರಿ ಹೋಗುತ್ತವೆ. ನುರಿತವರ ದೊಡ್ಡ ಫಾರ್ಮ್‌ಗಳಲ್ಲೂ ಮೊದಲ ವಾರ ನೂರಕ್ಕೆ ಒಂದು ಸಾಯುವುದನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಇರುತ್ತಾರೆ. ನಿಮ್ಮ ಹತ್ತು ಮರಿಯಲ್ಲಿ ಒಂದು ಹೋದರೆ ಅದು ನೂರಕ್ಕೆ ಹತ್ತಾಗಿ ಕಾಣುತ್ತದೆ, ಆದರೆ ಹಾಗೆ ಲೆಕ್ಕ ಹಾಕಬೇಡಿ. ಒಳಗೇ ಕೊರತೆ ಇಟ್ಟುಕೊಂಡು ಹುಟ್ಟಿದ ಮರಿಯನ್ನು ಯಾರ ಕೈಯೂ ಉಳಿಸಲಾರದು. ನಾನು ಹೆದರುವುದು ಸಾವು ದಿನದಿಂದ ದಿನಕ್ಕೆ ಏರುತ್ತಾ ಹೋದಾಗ.

ಸೋತ ಮರಿ ಕಂಡರೆ ಬೇರೆ ಡಬ್ಬದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಿ. ತಣ್ಣಗಿರುವ ಮರಿಯ ಬಾಯಿಗೆ ನೀರು ಸುರಿಯಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ. ಮೈ ಬಿಸಿಯಾಗಿ ತಲೆ ಎತ್ತಿದ ಮೇಲೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಸಕ್ಕರೆ ನೀರು ಮುಟ್ಟಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಂದ ಸಾವನ್ನು ಮುಚ್ಚಿಡಬೇಡಿ. "ಅದಕ್ಕೆ ಶಕ್ತಿ ಇರಲಿಲ್ಲ ಪುಟ್ಟಾ, ಹೋಯ್ತು" ಅಂದರೆ ಅವರಿಗೆ ಅರ್ಥವಾಗುತ್ತದೆ. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಮುತ್ತು ಕೊಡಲು ಬಿಡಬೇಡಿ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಸತ್ತ ಮರಿಯನ್ನು ಕಂಡ ಕೂಡಲೇ ತೆಗೆಯಿರಿ. ಕಾರಣ ತಿಳಿಯಬೇಕಿದ್ದರೆ ಹೂಳುವ ಮುನ್ನ ಫೋನು ಮಾಡಿ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆಹಾರಕ್ಕೆ ತಗಲದಂತೆ ಫ್ರಿಜ್‌ನಲ್ಲಿಟ್ಟು ಅದೇ ದಿನ ತನ್ನಿ. ಫ್ರೀಜರ್‌ನಲ್ಲಿ ಬೇಡ, ಹೆಪ್ಪುಗಟ್ಟಿದರೆ ಒಳಗಿನ ಗುರುತುಗಳು ಕೆಡುತ್ತವೆ. ಜೊತೆಗೆ ಒಂದು ಚೀಟಿ ಇರಲಿ: ಮರಿ ಹುಟ್ಟಿದ ದಿನ, ಬಂದ ದಿನ, ಒಂದೊಂದೂ ಸತ್ತ ದಿನ ಮತ್ತು ಹೊತ್ತು, ಮರಿಯ ಬೆನ್ನಿನ ಮಟ್ಟದಲ್ಲಿ ರಾತ್ರಿ ಎಷ್ಟು ಡಿಗ್ರಿ ಇತ್ತು ಅನ್ನುವುದು. ಚಾಕು ಕೈಗೆತ್ತಿಕೊಳ್ಳುವ ಮೊದಲು ನಾನು ಓದುವುದು ಆ ಚೀಟಿಯನ್ನೇ.