ಬೈಕ್ ತಾನ ಗಾಂಧಿ ಚೌಕಿನ ಕಡೆ ಹೊಳ್ಳತಿತ್ತು

ಒಂದಿನ ಹೊಟ್ಟಿ ಸರಿ ಇರಲಿಲ್ಲ, ಮಧ್ಯಾಹ್ನದಿಂದ ಬರೀ ಮಜ್ಜಿಗಿ ಮ್ಯಾಲ ಇದ್ದೆ, ಇವತ್ತ ರಾತ್ರಿ ಏನೂ ಬ್ಯಾಡ ಸೀದಾ ರೂಮಿಗೆ ಹೋಗಿ ಮಲಗೋದು ಅಂತ ಆಫೀಸಿನಾಗ ನಾಕ್ ಮಂದಿಗೆ ಹೇಳೇ ಹೊಂಟಿದ್ದೆ. ಹತ್ತು ನಿಮಿಷ ಬಿಟ್ಟು ನೋಡ್ತೀನಿ, ಗಾಂಧಿ ಚೌಕಿನ ಹತ್ರ ಭಜಿ ಗಾಡಿ ಮುಂದ ಬೈಕ್ ಸ್ಟ್ಯಾಂಡ್ ಹಾಕಿ ನಿಂತೀನಿ, ಕೈಯಾಗ ಪ್ಲೇಟ್ ಐತಿ. ಬೈಕ್ ಯಾವಾಗ ಹೊಳ್ಳಿಸಿದೆ, ಯಾವಾಗ ಆರ್ಡರ್ ಹೇಳಿದೆ, ಒಂದೂ ನೆನಪಿಲ್ಲ. ಹೇಳಿರಲಿಕ್ಕೂ ಇಲ್ಲ ಬಿಡ್ರಿ, ಗಾಡಿಯಾಂವ ನನ್ನ ಮಾರಿ ಕಂಡ ಕೂಡಲೇ ಎರಡು ಮಿರ್ಚಿ ಎಣ್ಣಿಗೆ ಬಿಡ್ತಾನ.

ಹೆಂಡ್ತಿ ತಾಳಿಕೋಟಿ ಕಡೆ ಒಂದು ಸಾಲ್ಯಾಗ ಟೀಚರ್, ನಾ ಇಲ್ಲಿ ವಿಜಯಪುರದಾಗ ಬಾಡಗಿ ರೂಮು, ಶನಿವಾರ ಸಂಜಿಗೆ ಹೋಗೋದು ಸೋಮವಾರ ನಸುಕಿನ ಬಸ್ಸಿಗೆ ವಾಪಸ್ ಬರೋದು. ಮೂರು ವರ್ಷದಿಂದ ಮುಂಜಾನೆ ಇಡ್ಲಿ, ಮಧ್ಯಾಹ್ನ ಖಾನಾವಳಿ, ಸಂಜಿಗೆ ಗಿರ್ಮಿಟ್ ಇಲ್ಲಾ ಭಜಿ, ರಾತ್ರಿ ಎಗ್ ರೈಸ್. ಆ ರಾತ್ರಿ ಹೊಟ್ಟಿ ಹಿಡ್ಕೊಂಡು ಮಲಗಿದಾಗ ಫೋನಿನಾಗ ಪೇಮೆಂಟ್ ಹಿಸ್ಟರಿ ತೆಗದು ಕೂಡಿಸಿದೆ, ಒಂದು ತಿಂಗಳಿಗೆ 7,260 ರೂಪಾಯಿ ಬರೀ ಹೊರಗ ತಿಂದಿದ್ದು. ನಾ ಒಬ್ಬನ ಹಿಂಗ ಇಲ್ಲ ಅನ್ನೋದೊಂದು ಸಮಾಧಾನ. ಕೇಂದ್ರ ಸರ್ಕಾರದ 2022-23ರ ಮನಿಖರ್ಚಿನ ಸರ್ವೇ ನೋಡಿದ್ರ ಪಟ್ಟಣದ ಮಂದಿ ನೂರು ರೂಪಾಯಿ ಖರ್ಚು ಮಾಡಿದ್ರ ಅದರಾಗ ಅಕ್ಕಿ ಗೋದಿ ಜ್ವಾಳದಂಥ ಕಾಳಿಗೆ ಹೋಗೋದು ಸುಮಾರು 3.6 ರೂಪಾಯಿ, ಚಾ-ಪಾನಿ, ಪ್ಯಾಕೆಟ್ ತಿಂಡಿ, ತಯಾರಿ ಊಟ ಇಂಥಾವಕ್ಕ 10.6 ರೂಪಾಯಿ. ಜ್ವಾಳದ ನಾಡು ಅಂತ ಎದಿ ಉಬ್ಬಿಸಿ ಹೇಳ್ಕೊಳ್ಳೋ ನಮಗ ಈ ಲೆಕ್ಕ ಸ್ವಲ್ಪ ಚುಚ್ಚತೈತಿ.

ನಾಲಿಗಿ ಚಪಲ ಅಂತ ಎಲ್ಲಾರೂ ಬೈತಿದ್ರು, ನಾನೂ ಹಂಗ ತಿಳ್ಕೊಂಡಿದ್ದೆ. ಆದ್ರ ಆ ದಿನ ನಾಲಿಗಿಗೆ ಏನೂ ಬೇಕಿರಲಿಲ್ಲ, ಹೊಟ್ಟಿಗಂತೂ ಬ್ಯಾಡೇ ಬ್ಯಾಡಾಗಿತ್ತು. ಮತ್ತ ಕರಕೊಂಡು ಹೋದಾಂವ ಯಾರು?

ಅಮೆರಿಕದ ಎಂಐಟಿಯೊಳಗ ಆ್ಯನ್ ಗ್ರೇಬಿಯಲ್ ಅಂತ ಒಬ್ರು ವಿಜ್ಞಾನಿ ಅದಾರ, ಅವರ ಲ್ಯಾಬಿನಾಗ ಇಲಿಗಳನ್ನ ಇಂಗ್ಲಿಷ್ ‘ಟಿ’ ಅಕ್ಷರದಂಥ ಸಣ್ಣ ಓಣಿಯೊಳಗ ಓಡಿಸಿ, ಕೊನಿಗೆ ಚಾಕೊಲೇಟ್ ಇಟ್ಟು, ಮಿದುಳಿನ ಆಳದಾಗ ಇರೋ ಸ್ಟ್ರಯೇಟಮ್ ಅನ್ನೋ ಭಾಗದೊಳಗ ಸಣ್ಣ ತಂತಿ ಕೂಡಿಸಿ ಏನ್ ನಡದೈತಿ ಅಂತ ನೋಡಿದ್ರು. ಮೊದಮೊದಲು ಇಲಿ ಹೊಸಾದಾಗಿ ಓಡೋ ಮುಂದ ಅಲ್ಲಿಯ ಜೀವಕೋಶ ದಾರಿ ಪೂರ್ತಿ ಗದ್ದಲ ಮಾಡ್ತಿದ್ವು. ದಾರಿ ರೂಢಿ ಆದಂಗೆಲ್ಲ ಗದ್ದಲ ಎರಡೇ ಕಡೆ ಉಳೀತು, ಹೊರಡೋ ಮುಂದ ಒಮ್ಮೆ, ಮುಟ್ಟಿದ ಮ್ಯಾಲ ಒಮ್ಮೆ, ನಡುವ ಸೈಲೆಂಟ್. ರೈಲಿಗೆ ಮುಂದ ಎಂಜಿನ್, ಹಿಂದ ಗಾರ್ಡ್ ಡಬ್ಬಿ, ನಡುವಿನ ಡಬ್ಬಿ ಯಾವೂ ವಿಚಾರ ಮಾಡಂಗಿಲ್ಲ, ಸುಮ್ಮನ ಎಳಕೊಂಡು ಹೋಗ್ತಾವ ನೋಡ್ರಿ, ಹಂಗ. ಆಫೀಸಿನ ಗೇಟ್ ದಾಟಿದ್ದು ನನ್ನ ಎಂಜಿನ್, ಕೈಯಾಗ ಪ್ಲೇಟ್ ಬಂದಿದ್ದು ಗಾರ್ಡ್ ಡಬ್ಬಿ. ನಡುವಿನ ಹತ್ತು ನಿಮಿಷ ನನಗ ನೆನಪಿಲ್ಲ ಅಂದ್ರ ಅದರಾಗ ಆಶ್ಚರ್ಯ ಏನಿಲ್ಲ.

ಇದಕ್ಕ ಇನ್ನೊಂದು ಸೇರಿಸ್ರಿ. 1990ರ ದಶಕದಾಗ ವುಲ್ಫ್ರಾಮ್ ಶುಲ್ಟ್ಸ್ ಅನ್ನೋರು ಮಂಗ್ಯಾಗಳಿಗೆ ಹಣ್ಣಿನ ರಸ ಕುಡಿಸಿ ಮಿದುಳಿನಾಗ ಆಸಿ ಹುಟ್ಟಿಸೋ ಡೋಪಮೈನ್ ಅನ್ನೋ ರಾಸಾಯನಿಕ ಬಿಡೋ ಕೋಶಗಳನ್ನ ಅಳದ್ರು. ಮೊದಲು ರಸ ಬಾಯಿಗೆ ಬಿದ್ದಾಗ ಕೋಶ ಜಿಗೀತಿದ್ವು. ರಸಕ್ಕಿಂತ ಮುಂಚೆ ಪ್ರತಿ ಸಲ ಒಂದು ಸೂಚನಾ ಬರತೈತಿ ಅಂತ ಮಂಗ್ಯಾಕ್ಕ ಗೊತ್ತಾದ ಮ್ಯಾಲ, ಜಿಗಿತ ಆ ಸೂಚನಾಕ್ಕ ಸರೀತು, ರಸ ಬಂದಾಗ ಹೊಸ ಜಿಗಿತ ಇಲ್ಲ. ಭಜಿ ತಿನ್ನೋ ಹೊತ್ತಿನಾಗ ಬರೋ ಖುಷಿಕಿಂತ ದೂರದಿಂದ ಚುರ್ರ್ ಅನ್ನೋ ಸಪ್ಪಳ, ಕಡ್ಲಿಹಿಟ್ಟು ಎಣ್ಣ್ಯಾಗ ಬೇಯೋ ವಾಸನಿ, ಅದಽ ಹೆಚ್ಚು ಎಳೀತೈತಿ ಯಾಕ ಅಂತ ಈಗ ತಿಳೀತಿಲ್ಲ?

ನನಗ ಭಾಳ ಹಿಡಿಸಿದ್ದು ಪಾಪ್‌ಕಾರ್ನ್ ಕಥಿ. 2011ರಾಗ ಪ್ರಕಟ ಆಗಿದ್ದು, ಡೇವಿಡ್ ನೀಲ್, ವೆಂಡಿ ವುಡ್ ಮತ್ತ ಅವರ ಜೊತಿಯವರು ಮಾಡಿದ್ದು. ಥೇಟರಿಗೆ ಬಂದ ಮಂದಿಗೆ ಕೆಲವರಿಗೆ ಆಗಷ್ಟೇ ಹುರಿದ ಪಾಪ್‌ಕಾರ್ನ್, ಕೆಲವರಿಗೆ ಏಳು ದಿನದ ಹಳೇದು, ಮೆತ್ತಗ ಆಗಿರೋದು. ಥೇಟರಿಗೆ ಹೋದಾಗೆಲ್ಲ ಪಾಪ್‌ಕಾರ್ನ್ ತಿನ್ನೋ ರೂಢಿ ಇದ್ದವರು ಹಳೇದನ್ನೂ ತಾಜಾದಷ್ಟೇ ತಿಂದ್ರು! ರುಚಿ ಇಲ್ಲ ಅಂತ ಅವರಽ ಹೇಳ್ತಾರ, ಆದ್ರೂ ಕೈ ನಿಲ್ಲವಲ್ದು. ಅದೇ ಮಂದಿಯಂಥವರನ್ನ ಮೀಟಿಂಗ್ ರೂಮಿನಾಗ ಕುಂದ್ರಿಸಿ ಕೊಟ್ರ ಹಳೇದನ್ನ ಅಷ್ಟಕ್ಕಷ್ಟೇ ಮುಟ್ಟಿದ್ರು. ಥೇಟರಿನಾಗೂ, ರೂಢಿ ಇಲ್ಲದ ಕೈಲೆ ತಿನ್ರಿ ಅಂದ್ರ, ಹಳೇ ಪಾಪ್‌ಕಾರ್ನ್ ಕಡಿಮಿ ತಿಂದ್ರು. ಜಾಗಾ ಬದಲಾಗಬೇಕು, ಇಲ್ಲಾ ಕೈ ಬದಲಾಗಬೇಕು. ನಮ್ಮಲ್ಲಿ ಎಡಗೈಲೆ ತಿಂದ್ರ ಮನಿ ಮಾಲಕರ ತಾಯಿ, ನಾವೆಲ್ಲಾ ಆಯಿ ಅಂತೀವಿ, ಚಟ್ಟನ ಕೈ ಮ್ಯಾಲ ಹೊಡಿತಾಳ. ಹಿಂಗಾಗಿ ನಾ ದಾರಿ ಬದಲಿ ಮಾಡಿದೆ. ಆಫೀಸಿನಿಂದ ಗೋಳಗುಮ್ಮಟದ ಕಡೆ ಹಾದು ಸುತ್ತ ಹೊಡಕೊಂಡು ಬರೋದು, ಎರಡು ಕಿಲೋಮೀಟರ್ ಜಾಸ್ತಿ, ಪೆಟ್ರೋಲ್ ದಂಡ ಅಂದ್ರು ಗೆಳೆಯರು, ಅನ್ಲಿ.

ದಾರಿ ಬದಲಾತು, ಹಸಿವಿ ಬದಲಾಗಲಿಲ್ಲ. ರೂಮಿಗೆ ಬಂದ್ರ ತೊಳೀದ ಕುಕ್ಕರ್, ಬ್ಯಾಳಿ ಡಬ್ಬಿ ಖಾಲಿ, ಉಳ್ಳಾಗಡ್ಡಿ ಮೊಳಕಿ ಒಡದಾವ. ಹೊರಗ ಆದ್ರ ನಾಕ್ ನಿಮಿಷ, ಇಲ್ಲಿ ನಲವತ್ತು. ಹಸದಾಂವ ಯಾವಾಗ್ಲೂ ನಾಕ್ ನಿಮಿಷದ್ದನ್ನ ಆರಿಸ್ತಾನ, ಇದಕ್ಕ ಪ್ರಯೋಗ ಬೇಕಾಗಿಲ್ಲ. ಮೂರನೇ ದಿನಕ್ಕ ಮತ್ತ ಎಗ್ ರೈಸ್.

ಇದಕ್ಕ ಮದ್ದು ನಮ್ಮ ಊರಾಗ ನೂರಾರು ವರ್ಷದಿಂದ ಐತಿ, ಖಡಕ್ ರೊಟ್ಟಿ. ಓಣಿಯಾಗ ರೊಟ್ಟಿ ಮಾಡಿ ಮಾರೋ ಅಕ್ಕಾರ ಹತ್ರ ಇಪ್ಪತ್ತು ತಂದು ಬುಟ್ಟ್ಯಾಗ ಅರಿವಿ ಹಾಸಿ ಇಟ್ಟೆ, ಶೇಂಗಾ ಹಿಂಡಿ, ಅಗಸಿ ಹಿಂಡಿ ಊರಿಂದ ಅವ್ವ ಕಳಿಸಿದ್ದು, ಮೊಸರು ಮುಂಜಾನೆ ಹಾಲಿನಾಂವ ಕೊಡ್ತಾನ. ಈಗ ಮನ್ಯಾಗೂ ನಾಕ್ ನಿಮಿಷ. ಇದು ಯಾಕ ಕೆಡಂಗಿಲ್ಲ ಅಂದ್ರ, ತಿನಿಸಿನಾಗ ಸೂಕ್ಷ್ಮಜೀವಿಗೆ ಸಿಗೋ ನೀರು ಎಷ್ಟು ಅಂತ ಒಂದು ಅಳತಿ ಐತಿ, ಶುದ್ಧ ನೀರಿಗೆ 1 ಅಂತ ಇಟ್ಕೊಂಡ್ರ ಸುಮಾರು 0.6ಕ್ಕಿಂತ ಕೆಳಗ ಬೂಷ್ಟು, ಬ್ಯಾಕ್ಟೀರಿಯಾ ಯಾವೂ ಬೆಳೆಯಂಗಿಲ್ಲ. ಹಂಚಿನ ಮ್ಯಾಲ ಅರಿವಿಲೆ ಒತ್ತಿ ಒತ್ತಿ ಒಣಗಿಸೋದು ಅಂದ್ರ ಆ ಅಳತಿ ಇಳಿಸೋದು. ಫ್ರಿಜ್ ಬ್ಯಾಡ, ಕರೆಂಟ್ ಬ್ಯಾಡ, ಮಳಿಗಾಲದಾಗ ಮಾತ್ರ ಮುಚ್ಚಿ ಇಡಬೇಕು.

ಇನ್ನೊಂದು ಲಾಭ ನನಗ ಆಮ್ಯಾಲ ತಿಳೀತು. 2019ರಾಗ ಅಮೆರಿಕದ ಎನ್‌ಐಎಚ್ ಅನ್ನೋ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥ್ಯಾಗ ಕೆವಿನ್ ಹಾಲ್ ಅನ್ನೋರು 20 ಮಂದಿನ ಆಸ್ಪತ್ರ್ಯಾಗ ಇಟ್ಕೊಂಡು ಎರಡು ವಾರ ಫ್ಯಾಕ್ಟರಿ ತಯಾರಿ ಊಟ, ಎರಡು ವಾರ ಸಾದಾ ಊಟ ಎಷ್ಟ್ ಬೇಕಷ್ಟ್ ತಿನ್ರಿ ಅಂತ ಕೊಟ್ರು. ಫ್ಯಾಕ್ಟರಿ ಊಟದಾಗ ದಿನಕ್ಕ ಸುಮಾರು 500 ಕ್ಯಾಲರಿ ಹೆಚ್ಚು ಹೊಟ್ಟಿಗೆ ಹೋತು, ತಿನ್ನೋ ಸ್ಪೀಡೂ ಜಾಸ್ತಿ ಇತ್ತು. ನಮ್ಮ ಭಜಿ ಗಾಡಿ ಫ್ಯಾಕ್ಟರಿ ಏನಲ್ಲ, ಅದನ್ನೂ ಇದನ್ನೂ ಒಂದಽ ತಕ್ಕಡ್ಯಾಗ ಹಾಕೋದು ತಪ್ಪು. ಆದ್ರ ಸ್ಪೀಡಿನ ಮಾತು ಖರೆ ಅನಸ್ತೈತಿ, ಎಗ್ ರೈಸ್ ಐದು ನಿಮಿಷಕ್ಕ ಒಳಗ, ಖಡಕ್ ರೊಟ್ಟಿ ಆ ಸ್ಪೀಡಿನಾಗ ತಿಂದು ತೋರಸ್ರಿ ನೋಡೋಣ, ದವಡಿ ಬಿಡತಾವ.

ತಿಂಗಳಾದ ಮ್ಯಾಲ ಧೈರ್ಯ ಬಂತು, ಬಿಸಿ ರೊಟ್ಟಿ ನಾನಽ ಬಡಿತೀನಿ ಅಂತ ಹೊಂಟೆ. ಪರಾತಿನಾಗ ಹಿಟ್ಟು ಹಾಕಿ ನಳದ ನೀರು ಸುರುವಿ ನಾದಿದೆ, ಚಪಾತಿಗೆ ಹಂಗೇ ಅಲ್ಲ ಮಾಡೋದು? ಬಡಿಯಾಕ ಹೋದ್ರ ಅಂಚು ಸೀಳಿ ಸೀಳಿ ಬ್ಯಾಸಿಗ್ಯಾಗ ಒಣಗಿದ ಕೆರಿ ಹಂಗ ಆತು, ಎತ್ತಿದ್ರ ಕೈಯಾಗ ಮೂರು ತುಂಡು. ಆಯಿ ಬಾಗಲದಾಗ ನಿಂತು ನೋಡ್ತಿದ್ಲು.

‘ಎಸರ ಇಟ್ಟಿಲ್ಲೇನೋ ತಮ್ಮಾ?’

‘ಇಲ್ಲ ಆಯಿ, ತಣ್ಣೀರು ಹಾಕೀನಿ.’

‘ತಣ್ಣೀರಾಗ ಜ್ವಾಳದ ಹಿಟ್ಟಿಗೆ ಜಿಗಿ ಎಲ್ಲಿಂದ ಬರತೈತೋ? ಎಷ್ಟು ಓದೀಯೋ ಏನೋ.’

ಎಂಎಸ್ಸಿ ಓದೀನಿ, ಕೆಮಿಸ್ಟ್ರಿ. ಬಾಯಿ ಮುಚ್ಚಿಕೊಂಡು ಪಾತೇಲಿ ಇಟ್ಟೆ.

ಆಯಿ ಮಾತಿನಾಗ ಇಡೀ ಪಾಠ ಐತಿ ನೋಡ್ರಿ. ಗೋದಿ ಹಿಟ್ಟಿಗೆ ನೀರು ಬಿದ್ದು ನಾದಿದ್ರ ಗ್ಲೂಟನ್ ಅನ್ನೋ ಪ್ರೋಟೀನಿನ ಬಲಿ ಹೆಣಕೊಂತೈತಿ, ಎಳದ್ರ ಹಿಗ್ಗತೈತಿ. ಜ್ವಾಳದಾಗ ಗ್ಲೂಟನ್ ಇಲ್ಲ, ಅದರಾಗ ಇರೋ ಪ್ರೋಟೀನು ಅಂಥಾ ಬಲಿ ಹೆಣಿಯಂಗಿಲ್ಲ. ಹಂಗಾದ್ರ ಹಿಟ್ಟು ಹಿಡಕೊಳ್ಳೋದು ಹ್ಯಾಂಗ? ಸ್ಟಾರ್ಚ್‌ಲೆ. ಸ್ಟಾರ್ಚಿನ ಸಣ್ಣ ಸಣ್ಣ ಹರಳು ತಣ್ಣೀರಾಗ ಉಸುಕಿನಂಗ ಸುಮ್ಮನ ಕುಂತಿರ್ತಾವ, ಸುಮಾರು 70 ಡಿಗ್ರಿ ದಾಟಿದ ಮ್ಯಾಲ ನೀರು ಕುಡದು ಉಬ್ಬಿ ಗಂಜಿ ಆಗ್ತಾವ. ಆ ಗಂಜಿನೇ ಅಂಟು, ಉಳಿದ ಹಿಟ್ಟನ್ನ ಅದಽ ಹಿಡದು ನಿಲ್ಲಿಸ್ತೈತಿ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಇಲ್ಲಿ ನೀರು 98 ಡಿಗ್ರಿಗೇ ಕುದೀತೈತಿ, ಅದನ್ನ ತಣ್ಣನ ಹಿಟ್ಟಿಗೆ ಸುರುವಿದ ಕೂಡಲೇ ಬಿಸಿ ಸರ್ರನ ಇಳೀತೈತಿ. ಅದಕ್ಕ ‘ಬೆಚ್ಚನ ನೀರು’ ಸಾಕಾಗಂಗಿಲ್ಲ, ಕೊತ ಕೊತ ಕುದಿಯೋ ಎಸರಽ ಬೇಕು, ನಡುವ ಕುಣಿ ಮಾಡಿ ಸುರುವಿ, ಚಮಚದಲೆ ತಿರುವಿ, ಕೈ ತಡಕೊಳ್ಳುವಷ್ಟು ಆರಿದ ಮ್ಯಾಲ ಅಂಗೈಯ ಬುಡದಲೆ ಒತ್ತಿ ಒತ್ತಿ ನಾದಬೇಕು.

ಆಮ್ಯಾಲ ಬಡಿಯೋದು, ಅದು ಬರಿಯಾಕ ಬರಂಗಿಲ್ಲ, ಕೈಗೇ ಬರಬೇಕು. ಹಂಚಿಗೆ ಹಾಕಿ ಮ್ಯಾಲ ನೀರು ಹಚ್ಚಿ, ನೀರು ಆರೋದಕ್ಕ ಸರಿಯಾಗಿ ಹೊಳ್ಳಿಸಿ, ಆಮ್ಯಾಲ ಉರಿಗೆ ಹಿಡದ್ರ ಉಬ್ಬತೈತಿ, ಉಬ್ಬಬೇಕು. ನೀರು ಉಗಿ ಆದ್ರ ಸುಮಾರು 1,600 ಪಟ್ಟು ಜಾಗಾ ಬೇಡತೈತಿ, ಎರಡೂ ಮೈಯಾಗ ಪದರು ಗಟ್ಟಿ ಆಗಿದ್ರ ಒಳಗಿನ ಉಗಿ ಹೊರಗ ಹೋಗಾಕ ದಾರಿ ಸಿಗದಽ ಪದರನ್ನ ಎತ್ತತೈತಿ. ಎಲ್ಲ್ಯರ ಸೂಜಿ ಮೊನಿಯಷ್ಟು ತೂತು ಇದ್ರೂ ಮುಗೀತು, ಪುಸ್ಸ್. ನನ್ನ ಮೊದಲನೇ ಹದಿನಾಲ್ಕು ರೊಟ್ಟಿ ಪುಸ್ಸ್.

ಹೊರಗಿನ ಎಣ್ಣಿ ಬಗ್ಗೆ ಸಣ್ಣ ಮಾತು. ಒಂದಽ ಎಣ್ಣಿ ಮತ್ತ ಮತ್ತ ಕಾಸಿದ್ರ ಗಾಳಿ, ನೀರು, ಬಿಸಿ ಮೂರೂ ಕೂಡಿ ಅದನ್ನ ಒಡದು, ಜೋಡಿಸಿ, ಬ್ಯಾರೆ ಪದಾರ್ಥ ಮಾಡ್ತಾವ, ಇವಕ್ಕ ಪೋಲಾರ್ ಕಾಂಪೌಂಡ್ಸ್ ಅಂತಾರ. ಇವು 25 ಪರ್ಸೆಂಟ್ ದಾಟಿದ್ರ ಆ ಎಣ್ಣಿ ಬಳಸಬಾರ್ದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ರೂಲು, 2018ರ ಜುಲೈ 1ರಿಂದ ಜಾರಿ. ಬಾಣಲಿಯಾಗ ಎಣ್ಣಿ ಕಪ್ಪಾಗಿ, ದಪ್ಪಾಗಿ, ನೊರಿ ಒಡೀದಽ ನಿಂತಿದ್ರ ದೂರ ಇರೋದು ಚಲೋ. ಎಲ್ಲಾ ಗಾಡಿಯಾಗೂ ಹಂಗ ಇರತೈತಿ ಅಂತ ನಾ ಅನ್ನಂಗಿಲ್ಲ.

ಮೊದಲ ವಾರ ಮನಿ ಊಟ ಸಪ್ಪಗ ಅನಸ್ತಿತ್ತು. ನನ್ನ ಅಡಗಿ ಕೆಟ್ಟದ್ದು ಅಂತ ತಿಳ್ಕೊಂಡಿದ್ದೆ, ಸ್ವಲ್ಪ ಅದೂ ಇತ್ತು. ಆದ್ರ 1982ರಾಗನ ರುಚಿ-ವಾಸನಿ ಬಗ್ಗೆ ಸಂಶೋಧನಾ ಮಾಡೋ ಅಮೆರಿಕದ ಮೊನೆಲ್ ಸೆಂಟರ್ ವಿಜ್ಞಾನಿಗಳು ಐದು ತಿಂಗಳು ಕಡಿಮಿ ಉಪ್ಪಿನ ಊಟ ಮಾಡಿದವರ ನಾಲಿಗಿ ಕಡಿಮಿ ಉಪ್ಪನ್ನೇ ಇಷ್ಟ ಪಡಾಕ ಶುರು ಮಾಡತೈತಿ ಅಂತ ತೋರಿಸಿದ್ರು. ದಿನಕ್ಕ 5 ಗ್ರಾಂಗಿಂತ ಕಡಿಮಿ ಉಪ್ಪು ಅಂತ ಡಬ್ಲ್ಯುಎಚ್‌ಒ ಹೇಳತೈತಿ, ಅಂದ್ರ ಸಣ್ಣ ಚಮಚ ಒಂದು. ಎರಡು ತಿಂಗಳ ಮ್ಯಾಲ ಖಾನಾವಳಿ ಪಲ್ಯ ನನಗ ಉಪ್ಪುಪ್ಪು ಅನ್ನಾಕತ್ತಿತು.

21 ದಿನ ಮಾಡ್ರಿ ರೂಢಿ ಆಗತೈತಿ ಅಂತ ವಾಟ್ಸಾಪಿನಾಗ ಬರತೈತಲ್ಲ, ಅದನ್ನ ನಂಬಬ್ಯಾಡ್ರಿ. ಅದು 1960ರಾಗ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರದ ಮಾತು, ಅವನೂ ‘ಕನಿಷ್ಠ’ ಅಂತಽ ಹೇಳಿದ್ದ, ಆ ಶಬ್ದ ದಾರ್ಯಾಗ ಕಳದು ಹೋತು. ಲಂಡನ್ನಿನಾಗ ಫಿಲಿಪಾ ಲ್ಯಾಲಿ ಮತ್ತ ಜೊತಿಯವರು 96 ಮಂದಿನ 12 ವಾರ ಗಮನಿಸಿ ಲೆಕ್ಕ ಹಾಕಿದ್ರ, ರೂಢಿ ಗಟ್ಟಿ ಆಗಾಕ ಒಬ್ಬರಿಗೆ 18 ದಿನ, ಇನ್ನೊಬ್ಬರಿಗೆ 254, ನಡುವಿನಾಂವಗ 66. ಒಂದು ದಿನ ತಪ್ಪಿದ್ರ ಅಂಥಾ ವ್ಯತ್ಯಾಸ ಏನೂ ಆಗಂಗಿಲ್ಲ ಅನ್ನೋದೂ ಅದರಾಗ ಐತಿ, ನನಗ ಬೇಕಾಗಿದ್ದು ಅದಽ. ಸಂಕ್ರಮಣಕ್ಕ ಸಿದ್ಧೇಶ್ವರ ಜಾತ್ರಿ ಬಂತು, ಒಂದು ದಿನ ಅಲ್ಲ ಪೂರಾ ಆರು ದಿನ ತಪ್ಪಿದೆ. ಜಿಲೇಬಿ, ಭಜಿ, ಮತ್ತೇನೇನೋ. ಹಳೇ ರೂಢಿ ಅಳಿಸಿ ಹೋಗಂಗಿಲ್ಲ ಅಂತ ಗ್ರೇಬಿಯಲ್ ಲ್ಯಾಬಿನ ಇಲಿಗಳು 2005ರಾಗನ ಹೇಳ್ಯಾವ, ಚಾಕೊಲೇಟ್ ತೆಗದಾಗ ಆ ಹಳೇ ಸದ್ದು ಮಾಯ, ಮತ್ತ ಚಾಕೊಲೇಟ್ ಇಟ್ರ ಇದ್ದಲ್ಲೇ ಹಾಜರು. ಏಳನೇ ದಿನ ಬುಟ್ಟ್ಯಾಗ ರೊಟ್ಟಿ ಇದ್ವು, ಅದಕ್ಕ ಬಚಾವಾದೆ.

ಹೋದ ವಾರ ಗಾಂಧಿ ಚೌಕಿನ ಹತ್ರ ಬ್ಯಾರೆ ಕೆಲಸ ಇತ್ತು, ಹೋಗಲೇಬೇಕಾತು. ಬೈಕ್ ನಿಲ್ಲಿಸಿ ಇನ್ನೂ ಹೆಲ್ಮೆಟ್ ತೆಗೀತಿದ್ದೆ, ‘ಊರಾಗ ಇರಲಿಲ್ಲೇನ್ರೀ ಸರ?’ ಅಂದ ಭಜಿ ಗಾಡಿಯಾಂವ, ನಾ ಬಾಯಿ ತೆರಿಯೋದ್ರಾಗ ಎರಡು ಮಿರ್ಚಿ ಹಿಟ್ಟಿನಾಗ ಅದ್ದಿ ಎಣ್ಣಿಗೆ ಬಿಟ್ಟಿದ್ದ. ಐದು ತಿಂಗಳಾಗಿತ್ತು ನಾ ಅಲ್ಲಿ ಹೋಗಿ. ಒಂದು ಅಲ್ಲೇ ನಿಂತು ತಿಂದೆ, ಇನ್ನೊಂದು ಪೇಪರಿನಾಗ ಕಟ್ಟಿಸಿಕೊಂಡು ಬಂದು ಆಯಿಗೆ ಕೊಟ್ಟೆ. ಎಣ್ಣಿ ಭಾಳ ಕುಡದೈತಿ ನೋಡು ಅಂದ್ಲು, ಅನ್ಕೊಂತನ ತಿಂದ್ಲು.