ರಿಫ್ರೆಶ್ ಆದ ಮೇಲೂ ಹಳೆ ಬೆಲೆ ಯಾಕೆ? ಶೇರ್‌ರೀಪ್ಲೇ ಟೆಸ್ಟ್ ಟಿಪ್ಪಣಿ

ಆಂಗ್ಯುಲರ್ (ವೆಬ್ ಆ್ಯಪ್ ಕಟ್ಟುವ ಚೌಕಟ್ಟು) ಸರ್ವಿಸ್ ಒಂದರಲ್ಲಿ ಬೆಲೆಪಟ್ಟಿಯ ಸ್ಟ್ರೀಮ್ ಇದೆ, ಅಂದರೆ ಒಂದಾದ ಮೇಲೊಂದು ಬರುವ ಬೆಲೆಗಳ ಸಾಲು. ಮೊದಲು ರಿಫ್ರೆಶ್ ಅನ್ನೋ ಸಬ್ಜೆಕ್ಟ್ (ನಾವೇ ಸಂಕೇತ ಕಳಿಸಬಹುದಾದ ಸ್ಟ್ರೀಮ್), ಅದಕ್ಕೊಂದು ಸ್ಟಾರ್ಟ್‌ವಿತ್ (ಶುರುವಿಗೇ ಒಂದು ಸಂಕೇತ ಕೊಡುವುದು), ಆಮೇಲೆ ಬೆಲೆ ತರಲು ಸರ್ವರ್‌ನ ಎಪಿಐ ಕರೆಯುವ ಸ್ವಿಚ್‌ಮ್ಯಾಪ್ (ಹೊಸ ಸಂಕೇತ ಬಂದರೆ ಹಳೆ ಕೋರಿಕೆ ಬಿಟ್ಟು ಹೊಸದನ್ನು ಶುರು ಮಾಡುವುದು), ಕೊನೆಗೆ ಶೇರ್‌ರೀಪ್ಲೇ(1) (ಕೊನೆಯ ಒಂದು ಬೆಲೆ ನೆನಪಿಟ್ಟು ಎಲ್ಲರಿಗೂ ಹಂಚುವುದು). ಆರ್‌ಎಕ್ಸ್‌ಜೆಎಸ್ (ಸ್ಟ್ರೀಮ್‌ಗಳ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸುವವರಿಗೆ ಪರಿಚಯದ ಜೋಡಣೆಯೇ.

ಎಪಿಐಗೆ ಎಷ್ಟು ಸಲ ಕರೆ ಹೋಯಿತು ಅನ್ನೋ ಟೆಸ್ಟ್ ಸುಲಭ. ಇಬ್ಬರು ಸಬ್‌ಸ್ಕ್ರೈಬ್ ಮಾಡಿದರೂ (ಸ್ಟ್ರೀಮ್ ಕೇಳಲು ಶುರು ಮಾಡಿದರೂ) ಕರೆ 1. ರಿಫ್ರೆಶ್ ಕೊಟ್ಟರೆ 2. ಯಾರೂ ಸಬ್‌ಸ್ಕ್ರೈಬ್ ಮಾಡುವ ಮುಂಚೆ ಕೊಟ್ಟ ರಿಫ್ರೆಶ್ ಮಾತ್ರ ಹಾಗೇ ಹೋಗಿಬಿಡುತ್ತದೆ. ಸಬ್ಜೆಕ್ಟ್ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ.

ನಾನು ಎರಡು ದಿನ ಸಿಕ್ಕಿಕೊಂಡಿದ್ದು ಮುಂದಿನದರಲ್ಲಿ. ಸಬ್‌ಸ್ಕ್ರೈಬ್ ಮಾಡಿದೆ, ಮೊದಲ ಬೆಲೆ ಬಂದ ಮೇಲೆ ರಿಫ್ರೆಶ್ ಕೊಟ್ಟೆ, ತಕ್ಷಣ ಫಸ್ಟ್‌ವ್ಯಾಲ್ಯೂಫ್ರಮ್‌ನಿಂದ (ಸ್ಟ್ರೀಮ್‌ನಿಂದ ಮೊದಲು ಸಿಕ್ಕ ಒಂದನ್ನು ಮಾತ್ರ ಕೊಡುವುದು) ಬೆಲೆ ಕೇಳಿದೆ. ಮಾಕ್ (ಟೆಸ್ಟ್‌ಗಾಗಿ ಎಪಿಐ ಬದಲು ಇಟ್ಟ ನಕಲಿ) ಸುಮ್ನೆ ತಕ್ಷಣ ಉತ್ತರ ಕೊಡುವ 'ಆಫ್' (of) ಬಳಸುತ್ತಿದ್ದಾಗ ಹೊಸ ಬೆಲೆ ಬಂತು, ಟೆಸ್ಟ್ ಪಾಸ್. ಮಾಕ್‌ಗೆ ಸ್ವಲ್ಪ ಡಿಲೇ ಹಾಕಿದೆ, ಹಳೆ ಬೆಲೆ ಬಂತು!

ಕಾರಣ ಇಷ್ಟು. ರಿಫ್ರೆಶ್ ಕೊಟ್ಟರೆ ಕ್ಯಾಶ್ (ಶೇರ್‌ರೀಪ್ಲೇ ನೆನಪಿಟ್ಟ ಬೆಲೆ) ಖಾಲಿ ಆಗುವುದಿಲ್ಲ. ಹೊಸ ಕೋರಿಕೆ ಶುರುವಾಗುತ್ತದೆ, ಅಷ್ಟೇ. ಉತ್ತರ ಬರುವ ತನಕ ಶೇರ್‌ರೀಪ್ಲೇ ಕೈಯಲ್ಲಿ ಹಳೆಯದೇ ಇರುತ್ತದೆ, ಆ ನಡುವೆ ಬಂದವರಿಗೆ ಅದನ್ನೇ ಕೊಡುತ್ತದೆ. 'ಆಫ್' ಸಿಂಕ್ರೊನಸ್ (ಕಾಯದೆ ಆಗಲೇ ಮುಗಿಯುವಂಥದ್ದು), ಹಾಗಾಗಿ ಆ 'ನಡುವೆ' ಅನ್ನೋದೇ ಇರಲಿಲ್ಲ.

ಟೆಸ್ಟ್‌ಶೆಡ್ಯೂಲರ್‌ನಲ್ಲಿ (ಟೆಸ್ಟ್‌ಗೆ ಕೃತಕ ಗಡಿಯಾರ) ಮಾರ್ಬಲ್ (ಸಮಯವನ್ನು ಅಕ್ಷರಗಳಲ್ಲಿ ತೋರಿಸುವ ಸಾಲು) ಬರೆದ ಮೇಲೆ ಇದು ಕಣ್ಣಿಗೇ ಕಂಡಿತು. ಪ್ರತಿ ಉತ್ತರಕ್ಕೂ 2 ಫ್ರೇಮ್ (ಸಾಲಿನ ಒಂದು ಅಕ್ಷರ ಒಂದು ಫ್ರೇಮ್), ರಿಫ್ರೆಶ್ 5ನೇ ಫ್ರೇಮ್‌ನಲ್ಲಿ. ಎಣಿಕೆ ಸೊನ್ನೆಯಿಂದ ಶುರು. ಇದನ್ನು ಮರೆತರೆ ಎಲ್ಲವೂ ಒಂದು ಫ್ರೇಮ್ ಜರುಗುತ್ತದೆ. ಗೆರೆ ಅಂದರೆ ಏನೂ ಬಂದಿಲ್ಲ, 'ರ' ರಿಫ್ರೆಶ್, 'ಅ' ಹಳೆ ಬೆಲೆ, 'ಬ' ಹೊಸ ಬೆಲೆ.

ರಿಫ್ರೆಶ್: -----ರ
ಮೊದಲಿನಿಂದ ಇದ್ದವರಿಗೆ: --ಅ----ಬ
6ನೇ ಫ್ರೇಮ್‌ನಲ್ಲಿ ಬಂದವರಿಗೆ: ------ಅಬ

ಮೂರನೇ ಸಾಲನ್ನು ಬಿಡಬೇಡಿ. ನನ್ನ ಪ್ರಕಾರ ಈ ಸ್ಟ್ರೀಮ್‌ನ ನಿಜವಾದ ಟೆಸ್ಟ್ ಅದೇ. ತಡವಾಗಿ ಬಂದವರನ್ನು ಸೇರಿಸಲು ಎಕ್ಸ್‌ಪೆಕ್ಟ್‌ಅಬ್ಸರ್ವಬಲ್‌ಗೆ (ಸ್ಟ್ರೀಮ್‌ನಲ್ಲಿ ಏನು ಬರಬೇಕು ಅಂತ ಪರೀಕ್ಷಿಸುವ ಫಂಕ್ಷನ್) ಎರಡನೇ ಆರ್ಗ್ಯುಮೆಂಟ್ ಆಗಿ '------^' ಕೊಡಿ (^ ಅಂದರೆ ಸಬ್‌ಸ್ಕ್ರೈಬ್ ಆಗುವ ಫ್ರೇಮ್). ಮಾಕ್ ಎರಡು ಸಲವೂ ಬೇರೆ ಬೇರೆ ಬೆಲೆ ಕೊಡಲಿ. ಒಂದೇ ಬೆಲೆ ಬಂದರೆ ಹಳೆಯದು ಯಾವುದು, ಹೊಸದು ಯಾವುದು ಅಂತ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಪರದೆಯ ಮೇಲೆ ಹಳೆ ಬೆಲೆ ಒಂದು ಕ್ಷಣವೂ ಕಾಣಬಾರದು ಅಂದರೆ, ಸ್ವಿಚ್‌ಮ್ಯಾಪ್ ಒಳಗಿನ ಕೋರಿಕೆಗೇ ಸ್ಟಾರ್ಟ್‌ವಿತ್ ಸೇರಿಸಿ ನಲ್ (ಬೆಲೆ ಇಲ್ಲ ಅನ್ನೋ ಖಾಲಿ ಗುರುತು) ಕಳಿಸಿ. ಆಗ ನಡುವೆ ಬಂದವರಿಗೆ ನಲ್ ಸಿಗುತ್ತದೆ.

ಕ್ಯಾಚ್‌ಎರರ್ (ದೋಷ ಬಂದರೆ ಹಿಡಿಯುವುದು) ಕೂಡ ಸ್ವಿಚ್‌ಮ್ಯಾಪ್ ಒಳಗೇ ಇರಲಿ. ಇಲ್ಲದಿದ್ದರೆ ಒಂದು ಕೋರಿಕೆ ಸೋತರೂ ಈಗಿರುವ ಸಬ್‌ಸ್ಕ್ರೈಬರ್‌ಗಳ ಸ್ಟ್ರೀಮ್ ಅಲ್ಲಿಗೇ ಮುಗಿಯುತ್ತದೆ, ಆಮೇಲೆ ರಿಫ್ರೆಶ್ ಕೊಟ್ಟರೂ ಅವರಿಗೆ ಏನೂ ಬರುವುದಿಲ್ಲ.